ಕಿವಿ ಡಬ್ಬಿಗೆ ಆಯುಧಪೂಜೆ

ದಸರಾ ಮುಗಿದ ಮಾರನೆಯ ಬೆಳಿಗ್ಗೆ ಹತ್ತು ಗಂಟೆಯೊಳಗೆ ಶುಭಾ ಆಫೀಸಿನ ಬಾಗಿಲಲ್ಲಿ ಕಾರ್ಡ್ ಒತ್ತಲೇಬೇಕಿತ್ತು. ಒತ್ತಿದರೆ ಕೆಲಸ ಉಳಿಯಿತು, ಇಲ್ಲದಿದ್ದರೆ ಹೋಯಿತು. ನಡುವಿನ ದಾರಿ ಅನ್ನುವುದು ಇರಲಿಲ್ಲ. ರಜೆ, ಮನೆಯಿಂದಲೇ ಕೆಲಸ ಎಂದು ಇದ್ದ ನಡುವಿನ ದಾರಿಗಳನ್ನೆಲ್ಲ ಅವಳು ಎರಡು ವರ್ಷದಲ್ಲಿ ಸವೆಸಿ ಮುಗಿಸಿದ್ದಳು.

ಅವಳ ಮೇಲಧಿಕಾರಿ ಸ್ಮಿತಾ ಗದಗಿನ ಕಡೆಯ ಹೆಣ್ಣುಮಗಳು, ಕೆಟ್ಟವಳಲ್ಲ. ಹಬ್ಬಕ್ಕೆ ಮುಂಚೆ ಫೋನ್ ಮಾಡಿ ಹೇಳಿದ್ದಳು. "ಶುಭಾ, ನಿಮ್ಮ ಪರವಾಗಿ ನಾ ಭಾಳ ಹೇಳೇನ್ರಿ. ಇನ್ನ ನನ್ನ ಮಾತು ನಡ್ಯೂದಿಲ್ಲ. ದಸರಾ ಮುಗಿಸ್ಕೊಂಡು ಒಂದಿನಾ ಬಂದು ಮಾರಿ ತೋರಸ್ರಿ. ಆಮ್ಯಾಲೆ ವಾರದಾಗ ಒಮ್ಮೆ ಬಂದ್ರ ಸಾಕು ಅನ್ನೂ ಹಂಗ ಬರಸ್ಕೊಂಡು ಕೊಡ್ತೀನಿ. ಅವತ್ತೂ ಬರ್ಲಿಲ್ಲಂದ್ರ ಎಚ್‌ಆರ್‌ನವ್ರು ಬಿಡೂದಿಲ್ರಿ." ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಅದು ಎಲ್ಲ ಗುಡಿಯ ಕಥೆ. ಮನೆಯಲ್ಲಿ ಮಾವ ಶೇಷಗಿರಿಯವರು ದುಡಿದ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ, ಪಿಂಚಣಿ ಅನ್ನುವ ಮಾತಿಲ್ಲ. ಅವರ ಇನ್ಸುಲಿನ್ನಿನಿಂದ ಹಿಡಿದು ಅತ್ತೆಯ ಕಾಫಿಪುಡಿವರೆಗೆ ಎಲ್ಲ ಶುಭಾಳ ಸಂಬಳದಿಂದಲೇ ಬರಬೇಕು.

ದೂರವೇನು ಕಡಲಾಚೆಯದಲ್ಲ. ಮನೆ ಯಶವಂತಪುರದ ಆಚೆ, ಗೊರಗುಂಟೆಪಾಳ್ಯಕ್ಕೆ ಓಣಿಗಳಲ್ಲೇ ನಡೆದು ಹೋಗಬಹುದಾದ ಹಳೆಯ ಬಡಾವಣೆಯಲ್ಲಿ. ಆಫೀಸು ಹೆಬ್ಬಾಳ ದಾಟಿ, ನಾಗವಾರದಿಂದ ತಣಿಸಂದ್ರಕ್ಕೆ ಒಡೆಯುವ ರಸ್ತೆಯ ಹತ್ತಿರ. ಗೊರಗುಂಟೆಪಾಳ್ಯದಲ್ಲಿ ರಿಂಗ್ ರೋಡಿನ ಬಸ್ಸು ಹತ್ತಿದರೆ ಅದೇ ಬಸ್ಸು ಅಲ್ಲಿಗೆ ಒಯ್ದು ಇಳಿಸುತ್ತದೆ. ಊರಿನ ಅರ್ಧ ಜನ ಕಣ್ಣು ಮುಚ್ಚಿಕೊಂಡು ಮಾಡುವ ಪ್ರಯಾಣ. ಶುಭಾ ಅದನ್ನು ಕಿವಿ ಮುಚ್ಚಿಕೊಂಡು ಮಾಡಬೇಕಿತ್ತು.

ಎರಡು ವರ್ಷದ ಹಿಂದೆ, ಕಾರ್ತೀಕ ಮಾಸದ ಒಂದು ಸಂಜೆ, ಅದೇ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಅವಳು ಗಂಡ ಪ್ರದ್ಯುಮ್ನನ ಸ್ಕೂಟರಿನ ಹಿಂದೆ ಕೂತಿದ್ದಳು. ನೀರಿನ ಟ್ಯಾಂಕರೊಂದು ಹಿಂದಿನಿಂದ ಹಾರನ್ ಹೊಡೆಯುತ್ತಲೇ ಬಂತು. ಬ್ರೇಕ್ ಹಿಡಿಯದ ಗಾಡಿಯವನು ಹಾರನ್ ಹೊಡೆಯದೆ ಇನ್ನೇನು ಮಾಡಿಯಾನು! ಪ್ರದ್ಯುಮ್ನ ಉಳಿಯಲಿಲ್ಲ. ಶುಭಾಳ ಕಾಲಿನ ಮೂಳೆ ಕೂಡಿತು, ಒಡೆದ ಕಿವಿತಮಟೆಗೂ ಆಪರೇಷನ್ ಆಯಿತು, ಆ ಹಾರನ್ ಮಾತ್ರ ಹೋಗಲಿಲ್ಲ.

ಹಾರನ್ ಕೇಳಿದರೆ ಹೆದರಿ ಓಡಿಹೋಗುವ ಹಾಗಿದ್ದರೂ ಚಿಂತೆಯಿರಲಿಲ್ಲ. ಅವಳಿಗೆ ಮೊಣಕಾಲು ಕಟ್ಟಿಕೊಳ್ಳುತ್ತದೆ. ಕೈ ಇದ್ದಲ್ಲೇ ಕಲ್ಲಾಗುತ್ತದೆ. ಕಿವಿ ಮುಚ್ಚಿಕೊಳ್ಳೋಣವೆಂದರೂ ಮೇಲೇಳುವುದಿಲ್ಲ. ಒಮ್ಮೆ ಸೊಪ್ಪಿನ ಗಾಡಿಯ ಮುಂದೆ ಹಾಗೆಯೇ ಕುಸಿದು ಕೂತಾಗ ಜನ ಫಿಟ್ಸ್ ಎಂದುಕೊಂಡು ಅವಳ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕಿದ್ದರು. ಆಟೋ ಮಾಡಬಾರದೇ, ಕಾರಿಲ್ಲವೇ ಎಂದು ಕೇಳಬೇಡಿ, ಅದನ್ನೂ ನೋಡಿಯಾಗಿತ್ತು. ಚಿಕ್ಕ ಗಾಡಿಯಲ್ಲಿ ಕೂತರೆ ಪಕ್ಕದ ಲಾರಿಯ ಚಕ್ರ ಕಣ್ಣಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಬಸ್ಸಾದರೆ ಒಂದಿಷ್ಟು ಎತ್ತರ, ಸುತ್ತ ಒಂದಿಷ್ಟು ಜನ.

ಇಷ್ಟೆಲ್ಲದರ ನಡುವೆ ಅವಳ ಪಾಲಿಗೆ ಬಂದದ್ದು ಒಂದು ಹೆಡ್‌ಫೋನು. ಎರಡು ಕಿವಿಯನ್ನೂ ಪೂರ್ತಿ ಮುಚ್ಚುವ, ತಂತಿಯಿಲ್ಲದ, ಕಪ್ಪು ಬಣ್ಣದ್ದು. ಮೊದಲ ಸಲ ಹಾಕಿಕೊಂಡು ಗುಂಡಿ ಒತ್ತಿದಾಗ ಕರೆಂಟ್ ಹೋಯಿತೆಂದುಕೊಂಡು ಮೇಲೆ ನೋಡಿದಳು. ಫ್ಯಾನು ತಿರುಗುತ್ತಲೇ ಇತ್ತು. ಕಿವಿ ಮುಚ್ಚುವ ಆ ಎರಡು ಡಬ್ಬಿಗಳ ಮೈಮೇಲೆ ಸಾಸಿವೆಗಿಂತ ಚಿಕ್ಕ ತೂತುಗಳಿದ್ದವು. ಹೊರಗಿನ ಸದ್ದನ್ನು ಆ ತೂತುಗಳು ಕೇಳಿಸಿಕೊಂಡು, ಅದಕ್ಕೆ ಎದುರಾಗಿ ಇನ್ನೊಂದು ಸದ್ದು ಹುಟ್ಟಿಸಿ, ಎರಡನ್ನೂ ಒಂದಕ್ಕೊಂದು ಬಡಿದಾಡಿಸಿ ಕೊಲ್ಲುತ್ತವಂತೆ. ಹಾರನ್ ಪೂರ್ತಿ ಸಾಯುತ್ತಿರಲಿಲ್ಲ, ನಾಲ್ಕು ಮನೆಯಾಚೆ ಯಾರೋ ಹೊಡೆದ ಹಾಗೆ ಕೇಳುತ್ತಿತ್ತು. ನಾಲ್ಕು ಮನೆಯಾಚೆಯ ಹಾರನ್ನನ್ನು ಶುಭಾ ತಡೆಯಬಲ್ಲಳು.

ಅದನ್ನು ಹಾಕಿಕೊಂಡು ಮೊದಲು ಗೇಟಿನವರೆಗೆ ಹೋದಳು. ಆಮೇಲೆ ಹಾಲಿನ ಬೂತಿನವರೆಗೆ. ಆಮೇಲೆ ಗೊರಗುಂಟೆಪಾಳ್ಯದ ನಿಲ್ದಾಣಕ್ಕೆ ಹೋಗಿ ಬಸ್ಸುಗಳನ್ನು ಸುಮ್ಮನೆ ನೋಡಿಕೊಂಡು ಬಂದಳು. ಗಣೇಶನ ಹಬ್ಬದ ಹೊತ್ತಿಗೆ ಬಸ್ಸು ಹತ್ತಿ ಬಿಇಎಲ್ ಸರ್ಕಲ್ಲಿನವರೆಗೆ ಹೋಗಿ ಬಂದೂಬಿಟ್ಟಳು! ಅವಳು ಹೊರಟಾಗೆಲ್ಲ ಅತ್ತೆ ಅಲಮೇಲಮ್ಮ ಗೇಟಿನಲ್ಲಿ ನಿಂತು, ಅವಳು ತಿರುಗಿ ಬರುವ ತನಕ ಅಲ್ಲೇ ಏನಾದರೂ ಕೆಲಸ ಹುಟ್ಟಿಸಿಕೊಂಡು ಇರುತ್ತಿದ್ದರು. ಬಂದ ಮೇಲೆ ಹೆಡ್‌ಫೋನನ್ನು ತಾವೇ ತೆಗೆದು, ಸೆರಗಿನಲ್ಲಿ ಒರೆಸಿ, ಮೊಳೆಗೆ ನೇತುಹಾಕುತ್ತಿದ್ದರು.

"ಏನೇ ಹೇಳು ಶುಭಾ, ಈ ಕಿವಿ ಡಬ್ಬಿ ನಿನ್ನ ಕರ್ಕೊಂಡ್ ಹೋಗಿ ಕರ್ಕೊಂಡ್ ಬರುತ್ತೆ ಕಣೆ" ಅನ್ನುತ್ತಿದ್ದರು.

ಈಗ ಆಯುಧಪೂಜೆಗೆ ಬನ್ನಿ. ಆ ದಿನ ಶುಭಾ ಒಳಗೆ ಪುಳಿಯೋಗರೆ ಕಲಸುತ್ತಿದ್ದಳು. ಮಂಗಳಾರತಿಯ ಗಂಟೆ ಕೇಳಿ ಹೊರಗೆ ಬಂದರೆ, ಮಣೆಯ ಮೇಲೆ ಈಳಿಗೆಮಣೆ, ಕತ್ತರಿ, ಸುತ್ತಿಗೆ, ಅವಳ ಲ್ಯಾಪ್‌ಟಾಪು, ಇವೆಲ್ಲದರ ನಡುವೆ ಮದುಮಗನ ಹಾಗೆ ಅವಳ ಹೆಡ್‌ಫೋನು ಕೂತಿತ್ತು. ಅದಕ್ಕೊಂದು ಸೇವಂತಿಗೆ ಹಾರ. ಎರಡು ಡಬ್ಬಿಗೂ ಸಾಣೆಕಲ್ಲಿನಲ್ಲಿ ತೇಯ್ದ ಗಟ್ಟಿ ಗಂಧ, ಅದರ ಮೇಲೆ ಕಾಸಿನಗಲ ಕುಂಕುಮ. ಶೇಷಗಿರಿಯವರು ಮಂತ್ರ ಹೇಳುತ್ತ ಉದ್ಧರಣೆಯಿಂದ ನೀರು ಪ್ರೋಕ್ಷಿಸಿದರು. ಶುಭಾಗೆ ನಗು ಬಂತು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಅವಳು ಗಟ್ಟಿಯಾಗಿ ನಕ್ಕಳು, ಅವಳು ನಕ್ಕಳೆಂದು ಅಲಮೇಲಮ್ಮನೂ ನಕ್ಕರು, ಶೇಷಗಿರಿಯವರು ಮಂತ್ರ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು. ಆ ಹೊತ್ತಿನಲ್ಲಿ ಬೊಟ್ಟು ಎಲ್ಲಿ ಬಿದ್ದಿದೆ ಎಂದು ಯಾರು ನೋಡುತ್ತಾರೆ?

ಪೂಜೆಗಿಟ್ಟ ವಸ್ತುವನ್ನು ವಿಜಯದಶಮಿಯ ಪೂಜೆ ಆಗುವ ತನಕ ಕದಲಿಸುವ ಹಾಗಿಲ್ಲ. ಹಾಗೆಯೇ ಇತ್ತು, ಒಣಗಿತು. ಮಾರನೆಯ ಸಂಜೆ ಶುಭಾ ಹಾರ ತೆಗೆದು, ಒದ್ದೆ ಬಟ್ಟೆಯಲ್ಲಿ ಗಂಧ ಕುಂಕುಮವನ್ನು ಚೆನ್ನಾಗಿ ತಿಕ್ಕಿ ಒರೆಸಿ, ಚಾರ್ಜಿಗೆ ಹಾಕಿದಳು. ದೀಪ ಹತ್ತಿಕೊಂಡಿತು. ಹಾಕಿಕೊಂಡು ನೋಡಬೇಕಿತ್ತು, ನೋಡಲಿಲ್ಲ. ನಾಳೆಯ ಯೋಚನೆಯಲ್ಲಿ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

ಬೆಳಿಗ್ಗೆ ಬೇಗ ಹೊರಟಳು. ಅಲಮೇಲಮ್ಮ ಮೊಸರು ಸಕ್ಕರೆ ಕೊಟ್ಟರು. "ಗೇಟ್ ದಾಟಿ ಹಿಂದೆ ತಿರುಗಿ ನೋಡ್ಬೇಡ, ಹೋಗ್ತಾ ಇರು" ಅಂದರು. ಶೇಷಗಿರಿಯವರು "ವೆಂಕಟರಮಣ ಇದ್ದಾನೆ ಹೋಗಮ್ಮ" ಅಂದರು. ಓಣಿಯ ತುಂಬ ಒಡೆದ ಬೂದುಗುಂಬಳದ ಚೂರು, ನಜ್ಜುಗುಜ್ಜಾದ ನಿಂಬೆಹಣ್ಣು. ಅದನ್ನೆಲ್ಲ ದಾಟಿಕೊಂಡು, ಓಣಿ ಮುಗಿದು ದೊಡ್ಡ ರಸ್ತೆ ಕಾಣುವ ಮೂಲೆಗೆ ಬಂದಳು. ಅಲ್ಲಿ ಮುನಿಕೃಷ್ಣಮ್ಮ ಅನ್ನುವ ಮುದುಕಿ ಹೂ ಮಾರುತ್ತ ಕೂರುತ್ತಾಳೆ. ಶುಭಾ ಯಾವಾಗಲೂ ಅವಳ ಬುಟ್ಟಿಯ ಪಕ್ಕದಲ್ಲಿ ನಿಂತು ಹೆಡ್‌ಫೋನ್ ಹಾಕಿಕೊಂಡು, ಒಂದು ಸಲ ಉಸಿರೆಳೆದುಕೊಂಡು, ರಸ್ತೆಗೆ ಇಳಿಯುವುದು ರೂಢಿ.

ಹಾಕಿಕೊಂಡಳು. ಗುಂಡಿ ಒತ್ತಿದಳು. ನಿಶ್ಶಬ್ದ ಬರಬೇಕಿದ್ದ ಜಾಗದಲ್ಲಿ ಕುಂಯ್ ಎಂದು ಒಂದು ಕೂಗು ಬಂತು. ಮದುವೆ ಮನೆಯಲ್ಲಿ ಮೈಕು ಅರಚುತ್ತದಲ್ಲ, ಆ ಕೂಗು, ಎರಡೂ ಕಿವಿಯ ಒಳಗೆ.

ಕಿತ್ತು ತೆಗೆದಳು. ಆರಿಸಿ ಮತ್ತೆ ಹಾಕಿದಳು. ಮತ್ತೆ ಕುಂಯ್. ಕಣ್ಣಿನ ಹತ್ತಿರ ಹಿಡಿದು ನೋಡಿದರೆ, ಸಾಸಿವೆಯಂಥ ಆ ತೂತುಗಳಲ್ಲಿ ಗಂಧ ಕುಂಕುಮ ಗಾರೆಯ ಹಾಗೆ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಅವಳೇ ಅದನ್ನು ಒಳಗೆ ಮೆತ್ತಿದ್ದಳು. ದುಪಟ್ಟಾದ ಪಿನ್ನು ಕಿತ್ತು ಚುಚ್ಚಿದಳು. ಎಡಗಡೆಯದು ಕಿರಕ್ಕೆಂದು ಸುಮ್ಮನಾಯಿತು, ಬಲಗಡೆಯದು ಇನ್ನೂ ಜೋರಾಗಿ ಅರಚಿತು. ಆರಿಸಿ ಸುಮ್ಮನೆ ಕಿವಿಗೆ ಹಾಕಿಕೊಂಡು ನೋಡಿದಳು. ಬರೀ ಮೆತ್ತೆ ಏನು ತಡೆದೀತು, ರಸ್ತೆಯ ಗದ್ದಲವೆಲ್ಲ ನುಗ್ಗಿ ಬಂತು. ಹೊಸದು ಕೊಳ್ಳೋಣವೆಂದರೆ ಆ ಹೊತ್ತಿಗೆ ಯಾವ ಅಂಗಡಿ ತೆರೆದಿರುತ್ತದೆ? ಹಬ್ಬದ ಮಾರನೆಯ ದಿನ ಬೇರೆ.

"ಯಾಕವ್ವ, ಇಂಗೆ ನಿಂತ್ಬುಟ್ಟೆ?" ಮುನಿಕೃಷ್ಣಮ್ಮ ಕೇಳಿದಳು.

ಶುಭಾ ಉತ್ತರ ಕೊಡುವಷ್ಟರಲ್ಲಿ ಸಿಗ್ನಲ್ಲಿನ ಕಡೆಯಿಂದ ಲಾರಿಯೊಂದು ಹಾರನ್ ಹೊಡೆಯಿತು. ಮುಗಿಯಿತು. ಕಾಲು ಹೋಯಿತು. ಹೂವಿನ ಬುಟ್ಟಿಯ ಪಕ್ಕದಲ್ಲೇ ಕುಸಿದು ಕೂತಳು. ಸುತ್ತ ಜನ ಬರುತ್ತಿದ್ದರು, ಹೋಗುತ್ತಿದ್ದರು, ಅವಳಿಗೆ ಕಾಣುತ್ತಿದ್ದದ್ದು ತನ್ನ ಎರಡು ಕೈ ಮಾತ್ರ. ಮಡಿಲಲ್ಲಿ ಬಿದ್ದಿದ್ದವು, ಬೇರೆ ಯಾರದೋ ಕೈಗಳ ಹಾಗೆ. ಮುನಿಕೃಷ್ಣಮ್ಮ ಹೂವಿಗೆ ಚಿಮುಕಿಸುವ ನೀರನ್ನೇ ಅವಳ ಮುಖಕ್ಕೆ ಚಿಮುಕಿಸಿ, "ಮನೇಗ್ ಓಗ್ಬುಡು ತಾಯಿ, ಇವತ್ತೊಂದಿನ ಓಗ್ದಿದ್ರೆ ಏನಾಯ್ತದೆ?" ಅಂದಳು. ಕಾಲು ಬಂದ ಮೇಲೆ ಗೋಡೆ ಹಿಡಿದುಕೊಂಡು ಮನೆಗೆ ಬಂದಳು.

ಅಲಮೇಲಮ್ಮ ಗೇಟಿನಲ್ಲೇ ಇದ್ದರು. ಸೊಸೆಯ ಒದ್ದೆ ಮುಖ ನೋಡಿ ಗೇಟು ತೆಗೆಯುವುದನ್ನೂ ಮರೆತರು.

"ಏನಾಯ್ತೇ?"

"ಏನಾಯ್ತಾ?" ಶುಭಾ ಹೆಡ್‌ಫೋನನ್ನು ಗೇಟಿನ ಮೇಲಿಂದ ಅವರ ಮುಖದ ಮುಂದೆ ಹಿಡಿದಳು. "ನೋಡಿ ಏನಾಯ್ತು ಅಂತ! ಯಾರಮ್ಮ ಹೇಳಿದ್ರು ನಿಮಗೆ ಇದಕ್ಕೆ ಗಂಧ ಮೆತ್ತಿ ಅಂತ? ಇದೇನು ಈಳಿಗೆಮಣೆನಾ? ಇದೊಂದಿತ್ತು ನಂಗೆ. ಇದೊಂದೇ ಇತ್ತು! ಅದನ್ನೂ ತೆಗೆದ್ರಿ. ಈಗ ಕೂತ್ಕೊಂಡು ಪೂಜೆ ಮಾಡೋಣ, ಎಲ್ಲರೂ ಸೇರಿ. ಕೆಲಸ ಹೋಯ್ತು ಅಂತ ಮಂಗಳಾರತಿ ಎತ್ತೋಣ."

ಅತ್ತೆಯ ಎದುರು ಅವಳು ದನಿಯೆತ್ತಿದ್ದು ಅದೇ ಮೊದಲು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಒಳಗಿಂದ ಶೇಷಗಿರಿಯವರು ಪೇಪರ್ ಹಿಡಿದುಕೊಂಡೇ ಹೊರಗೆ ಬಂದರು.

"ಬಿಡಮ್ಮ, ಹೋದ್ರೆ ಹೋಗ್ಲಿ ಕೆಲಸ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?"

"ನಿಮ್ಮ ಇನ್ಸುಲಿನ್ ಯಾರು ತರ್ತಾರಪ್ಪ, ಆ ದೇವರು ತರ್ತಾನಾ?" ಅಂದಳು ಶುಭಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಶೇಷಗಿರಿಯವರು ಪೇಪರನ್ನು ಮಡಚುತ್ತ ನಿಂತರು.

ಅಲಮೇಲಮ್ಮ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಗೇಟಿನ ಚಿಲಕ ಹಿಡಿದುಕೊಂಡು ನೆಲ ನೋಡುತ್ತ ಹೇಳಿದರು.

"ಪದ್ದು ಗಾಡಿಗೆ ಆ ವರ್ಷ ಪೂಜೆ ಆಗ್ಲಿಲ್ಲ ಕಣೆ."

ಪ್ರದ್ಯುಮ್ನನನ್ನು ಅವರು ಕರೆಯುತ್ತಿದ್ದದ್ದು ಹಾಗೆ. ಶುಭಾ ಹೆಡ್‌ಫೋನನ್ನು ಕೆಳಗಿಳಿಸಿದಳು.

"ಶ್ರೀರಂಗಪಟ್ಟಣದಲ್ಲಿ ನಿಮ್ಮಾವನ ದಾಯಾದಿ ಒಬ್ರು ಹೋಗಿದ್ರಲ್ಲ, ಸೂತಕ ಇತ್ತು. ಅವ್ನು ಹೂವು ನಿಂಬೆಹಣ್ಣು ತಗೊಂಡು ಬಂದ. ಪೂಜೆ ಬೇಡ ಅಂದ್ರೆ ಬೇಡ, ಒಂದು ಹೂವಾದ್ರೂ ಸಿಕ್ಕಿಸ್ತೀನಿ ಅಮ್ಮ ಅಂದ. ನಾನೇ ಬಿಡ್ಲಿಲ್ಲ. ಮುಟ್ಬೇಡ, ಸೂತಕದಲ್ಲಿ ಮಾಡ್ಬಾರ್ದು ಅಂದೆ. ಆ ನಿಂಬೆಹಣ್ಣಲ್ಲಿ ಪಾನಕ ಮಾಡ್ಕೊಂಡು ಕುಡಿದ ಅವ್ನು. ದೀಪಾವಳಿ ಕಳೀತು, ಹೋದ." ಅವರು ಮೂಗು ಒರೆಸಿಕೊಂಡರು. "ಈ ಸಲ ನಿನ್ನ ಓಡಾಡ್ಸೋದು ಈ ಡಬ್ಬಿ ಅಲ್ವಾ? ಇದೇ ನಿನ್ನ ಗಾಡಿ ಅಲ್ವಾ? ಅದಕ್ಕೇ ಹಚ್ಚಿದೆ. ಅವತ್ತು ಹಚ್ಚದೇ ಇದ್ದದ್ದನ್ನೂ ಸೇರಿಸಿ ಹಚ್ಚಿದೆ."

ಆ ಪಾನಕದಲ್ಲಿ ಅರ್ಧ ಲೋಟ ಶುಭಾಳೂ ಕುಡಿದಿದ್ದಳು. ಸಕ್ಕರೆ ಜಾಸ್ತಿಯಾಗಿದೆ ಎಂದು ಗಂಡನನ್ನು ಬೈದಿದ್ದಳು ಕೂಡ. ಎರಡು ವರ್ಷ ಒಂದೇ ಸೂರಿನಡಿಯಲ್ಲಿದ್ದು, ಒಂದೇ ಒಲೆಯ ಮುಂದೆ ನಿಂತು, ಈ ಮುದುಕಿ ಒಳಗೊಳಗೇ ಏನನ್ನು ನುಂಗಿಕೊಂಡು ಬಂದಿದೆ ಎಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಹೆಡ್‌ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ಆದರೂ ಕೆಲಸ ಹೋಗುವುದು ಹೋಗುವುದೇ, ಸಂಕಟಪಟ್ಟರೆ ಸ್ಮಿತಾ ಕೇಳುತ್ತಾಳೆಯೇ?

ಅಷ್ಟರಲ್ಲಿ ಅಲಮೇಲಮ್ಮ ಗೇಟು ತೆಗೆದು ಹೊರಗೆ ಬಂದರು.

"ನಡಿ."

"ಎಲ್ಲಿಗೆ?"

"ಆಫೀಸಿಗೆ. ಇನ್ನೂ ಹೊತ್ತಿದೆ. ಡಬ್ಬಿ ಕೆಟ್ರೆ ಕೆಡ್ಲಿ, ನನಗೆ ಎರಡು ಕೈ ಕೊಟ್ಟಿಲ್ವಾ ದೇವರು?"

"ಅಮ್ಮ, ನಿಮ್ಮಿಂದ ಆಗಲ್ಲ. ಹೆಬ್ಬಾಳದ ತನಕ..."

"ಆಗೋದು ಬಿಡೋದು ಆಮೇಲೆ ನೋಡೋಣ. ಬಾಯಿ ಮುಚ್ಕೊಂಡು ನಡಿ. ಕಿವಿ ನಾನು ಮುಚ್ತೀನಿ."

ಉಟ್ಟ ಸೀರೆಯಲ್ಲೇ ಹೊರಟುಬಿಟ್ಟರು. ಓಣಿ ಮುಗಿಯುವವರೆಗೆ ಪಕ್ಕಪಕ್ಕದಲ್ಲಿ ನಡೆದರು. ಮುನಿಕೃಷ್ಣಮ್ಮನ ಬುಟ್ಟಿಯ ಹತ್ತಿರ ಅಲಮೇಲಮ್ಮ ಸೊಸೆಯ ಹಿಂದೆ ಬಂದು, ಎರಡು ಅಂಗೈಯನ್ನೂ ಅವಳ ಕಿವಿಗೆ ಅಮುಕಿ ಹಿಡಿದರು. ಈಳಿಗೆಮಣೆ, ಸಾಣೆಕಲ್ಲು ಹಿಡಿದು ಒರಟಾದ ಅಂಗೈ. ಗಂಧದ ವಾಸನೆ ಇನ್ನೂ ಇತ್ತು. ಹಾಗೆಯೇ ಒಬ್ಬರ ಹಿಂದೆ ಒಬ್ಬರು, ಮಕ್ಕಳ ರೈಲಾಟದ ಹಾಗೆ, ದೊಡ್ಡ ರಸ್ತೆಗೆ ಇಳಿದರು. ನಿಲ್ದಾಣದಲ್ಲಿ ಕಾಲೇಜು ಹುಡುಗರ ಗುಂಪೊಂದು ತಿರುಗಿ ನೋಡಿತು.

"ಮಗಾ, ನೋಡೋ ಗುರು, ಅಜ್ಜಿ ಬ್ಲೂಟೂತ್!" ಎಂದು ಒಬ್ಬ ನಕ್ಕ.

ನಗಲಿ ಬಿಡಿ. ಅಲಮೇಲಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಬಸ್ಸು ಬಂತು. ಮುಂದಿನ ಗಾಜಿನ ಎರಡೂ ಪಕ್ಕ ಬಾಡಿದ ಬಾಳೆಕಂದು, ನಡುವೆ ಚೆಂಡುಹೂವಿನ ಹಾರ, ಅದಕ್ಕೂ ಪೂಜೆಯಾಗಿತ್ತು. ಹೆಂಗಸರ ಸೀಟಿನಲ್ಲಿ ಒಂದು ಜಾಗ ಸಿಕ್ಕಿತು. ಶುಭಾಳನ್ನು ಕೂರಿಸಿ, ಅಲಮೇಲಮ್ಮ ಅವಳ ಎದುರಿಗೆ ನಿಂತು, ಸೀಟಿನ ಕಂಬಕ್ಕೆ ಸೊಂಟ ಒರಗಿಸಿ, ಮತ್ತೆ ಕಿವಿ ಮುಚ್ಚಿದರು. ಪಕ್ಕದ ಹೆಂಗಸು "ಅಜ್ಜಿ, ನೀವ್ ಕೂತ್ಕೊಳ್ಳಿ" ಎಂದು ಏಳಹೋದಳು. "ಕೂತ್ರೆ ಕೈ ಎಟುಕಲ್ಲಮ್ಮ" ಅಂದರು. ಕಂಡಕ್ಟರ್ ಬಂದ.

"ಅಜ್ಜಿ, ಆಧಾರ್ ಕಾರ್ಡ್ ತೋರ್ಸಿ."

"ಮನೇಲಿದೆಯಪ್ಪ. ಇದ್ದಿದ್ರೂ ಕೈ ತೆಗೆಯೋ ಹಾಗಿಲ್ಲ."

ಅವನು ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ, ಏನು ಅರ್ಥ ಮಾಡಿಕೊಂಡನೋ, ಹೆಚ್ಚು ಕೇಳಲಿಲ್ಲ. ಶುಭಾ ತನ್ನ ಆಧಾರ್ ತೋರಿಸಿ ಹೆಂಗಸರ ಪುಕ್ಕಟೆ ಟಿಕೆಟ್ ಪಡೆದು, ಅತ್ತೆಯ ಟಿಕೆಟ್ಟಿಗೆ ದುಡ್ಡು ಕೊಟ್ಟಳು. ಅವನು ಟಿಕೆಟ್ ಹರಿದು ಅಲಮೇಲಮ್ಮನ ಬಳೆಗಳ ಸಂದಿಗೆ ಸಿಕ್ಕಿಸಿ ಹೋದ.

ಬಸ್ಸು ಸಿಗ್ನಲ್ಲಿಗೆ ಬಂದು ನಿಂತಿತು. ಕಿಟಕಿಯಾಚೆ ಅದೇ ಕಂಬ, ಅದೇ ತಿರುವು. ಶುಭಾ ಅತ್ತ ನೋಡದೆ ಅತ್ತೆಯ ಮುಖವನ್ನೇ ನೋಡಿದಳು. ಹಿಂದಿನಿಂದ ಯಾವುದೋ ದೊಡ್ಡ ಗಾಡಿ ಹಾರನ್ ಹೊಡೆಯಿತು. ಅಂಗೈಗಳ ಆಚೆಯಿಂದ ಅದು ದೂರದ ಸದ್ದಾಗಿ ಕೇಳಿಸಿತು. ನಾಲ್ಕು ಮನೆಯಾಚೆಯದಲ್ಲ, ಎರಡು ಮನೆಯಾಚೆಯದು ಅನ್ನಿ. ಅವಳ ಕೈಗಳು ಮಡಿಲಲ್ಲಿ ಕಲ್ಲಾದವು, ಆದರೆ ಉಸಿರು ನಿಲ್ಲಲಿಲ್ಲ. ಆ ಹಾರನ್ನಿಗೆ ಅಲಮೇಲಮ್ಮ ಮಾತ್ರ ಇಡೀ ಮೈ ಬೆಚ್ಚಿಬಿದ್ದರು.

ಗಾಡಿ ಮತ್ತೆ ಹಾರನ್ ಹೊಡೆಯಿತು. ಅವರು ಮತ್ತೆ ಬೆಚ್ಚಿದರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ತುಟಿ ಪದ್ದು, ಪದ್ದು ಅನ್ನುತ್ತಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಆಗ ಶುಭಾಗೆ ಒಂದೊಂದೇ ನೆನಪಿಗೆ ಬಂತು. ಎರಡು ವರ್ಷದಲ್ಲಿ ಅಲಮೇಲಮ್ಮ ಒಂದು ಸಲವೂ ಈ ಸಿಗ್ನಲ್ಲಿನ ಕಡೆ ಬಂದಿರಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಸುತ್ತಿಕೊಂಡು ಇನ್ನೊಂದು ದಿಕ್ಕಿನಿಂದ ಹೋಗುತ್ತಿದ್ದರು. ಮೊಣಕಾಲು ನೋವು, ಇಲ್ಲಿ ರಸ್ತೆ ದಾಟೋಕಾಗಲ್ಲ ಅನ್ನುತ್ತಿದ್ದರು. ಸೊಸೆಯನ್ನು ಕಳಿಸಲು ಗೇಟಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತಿದ್ದರು. ಅಯ್ಯೋ, ಅತ್ತೆ ಗಟ್ಟಿಗಿತ್ತಿ, ನಾನೇ ಹೇಡಿ ಎಂದು ಎರಡು ವರ್ಷ ನಾಚಿಕೊಂಡು ಬದುಕಿದ್ದಳಲ್ಲ ಇವಳು!

ಅವರ ಕಿವಿ ಮುಚ್ಚಬೇಕು ಅನ್ನಿಸಿತು. ಕೈಯೆತ್ತಲು ನೋಡಿದಳು. ಏಳು, ಏಳು ಎಂದು ಮನಸ್ಸಿನಲ್ಲೇ ತನ್ನ ಕೈಯನ್ನು ಬೈದಳು. ಬೆರಳು ಕೂಡ ಅಲುಗಲಿಲ್ಲ. ಸಿಗ್ನಲ್ ಬಿಡುವ ತನಕ ಅಲಮೇಲಮ್ಮ ಪ್ರತಿಯೊಂದು ಹಾರನ್ನನ್ನೂ ತೆರೆದ ಕಿವಿಯಲ್ಲಿ ಕೇಳಿದರು, ಶುಭಾ ನೋಡುತ್ತ ಕೂತಳು. ಅದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೆ ಆ ಎರಡು ವರ್ಷದಲ್ಲಿ ಆಗಿರಲಿಲ್ಲ.

ಬಿಇಎಲ್ ಸರ್ಕಲ್ ದಾಟಿತು. ಅಲ್ಲಿಂದಾಚೆ ಅವಳಿಗೆ ಹೊಸ ದಾರಿ. ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಎಂದಿನಂತೆ ಎಲ್ಲ ಗಾಡಿಗಳೂ ಸಿಕ್ಕಿಹಾಕಿಕೊಂಡು ನಿಂತಿದ್ದವು, ನಿಂತವರಿಗೆ ಹಾರನ್ ಬಿಟ್ಟರೆ ಬೇರೆ ಉದ್ಯೋಗವಿರಲಿಲ್ಲ. ಅಲಮೇಲಮ್ಮನ ತೋಳುಗಳು ನಡುಗುತ್ತಿದ್ದವು. ಪಕ್ಕದ ಹೆಂಗಸು ಏನೂ ಕೇಳದೆ ಅವರ ಮೊಣಕೈಗಳ ಕೆಳಗೆ ತನ್ನ ಕೈ ಕೊಟ್ಟು ಆನಿಸಿ ಹಿಡಿದಳು. ಶುಭಾ ವಾಚು ನೋಡಿದಳು, ಮತ್ತೆ ನೋಡಿದಳು. ಇಷ್ಟು ಮಾಡಿ ತಡವಾಗಿ ಹೋದರೆ? ಇಷ್ಟೆಲ್ಲ ಮಾಡಿದ ಮೇಲೆ ಬಾಗಿಲಲ್ಲಿ ಇಲ್ಲ ಅಂದುಬಿಟ್ಟರೆ? ಸಂಕಟ ಬಂದಾಗ ವೆಂಕಟರಮಣ, ಅವಳೂ ಅವನನ್ನೇ ಹಿಡಿದುಕೊಂಡಳು.

ಇಳಿದು, ಮತ್ತೆ ಆ ರೈಲಾಟದಲ್ಲೇ ನಡೆದು, ಆಫೀಸಿನ ಗೇಟಿಗೆ ಬಂದಾಗ ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಗೇಟಿನ ಒಳಗೆ ಕಾರ್ಡ್ ಇದ್ದವರಿಗೆ ಮಾತ್ರ ಬಿಡುತ್ತಾರೆ. ಅಲಮೇಲಮ್ಮ ಕೈ ತೆಗೆದರು. ಶುಭಾಳ ಕಿವಿಗಳು ಬಿಸಿಯಾಗಿದ್ದವು.

"ಹೋಗು ಹೋಗು, ಒಳಗೆ ಹೋಗು" ಅಂದರು. ತೋಳು ಕೆಳಗೆ ಇಳಿಸಲಾಗದೆ ಎದೆಯ ಹತ್ತಿರ ಮಡಚಿಕೊಂಡಿದ್ದರು.

ಶುಭಾ ನಾಲ್ಕು ಹೆಜ್ಜೆ ಹೋದವಳು ನಿಂತಳು. ಇಷ್ಟು ಹೊತ್ತು ಬರುವ ಯೋಚನೆಯಲ್ಲಿ ತಿರುಗಿ ಹೋಗುವ ಯೋಚನೆಯೇ ಬಂದಿರಲಿಲ್ಲ.

"ಅಮ್ಮ, ನೀವು ಹೇಗೆ ಹೋಗ್ತೀರಿ?"

"ಬಸ್ಸಲ್ಲಿ ಹೋಗ್ತೀನಿ, ಇನ್ಹೇಗೆ? ನಿಮ್ಮಾವನಿಗೆ ಮಧ್ಯಾಹ್ನ ಇನ್ಸುಲಿನ್ ಕೊಟ್ಟು ಊಟ ಹಾಕ್ಬೇಕು. ಸಂಜೆ ನೀನು ಬಿಡೋ ಹೊತ್ತಿಗೆ ಮತ್ತೆ ಬರ್ತೀನಿ."

ಅಂದರೆ ಆ ಸಿಗ್ನಲ್ಲಿನಲ್ಲಿ ಈಗ ಒಬ್ಬರೇ, ಸಂಜೆ ಬರುವಾಗ ಮತ್ತೊಮ್ಮೆ ಒಬ್ಬರೇ. ಶುಭಾ ಗೇಟು ನೋಡಿದಳು, ಅತ್ತೆಯನ್ನು ನೋಡಿದಳು. ಫೋನು ಹೊಡೆದುಕೊಂಡಿತು, ಸ್ಮಿತಾ. "ಎಲ್ಲಿದ್ದೀರಿ ಶುಭಾ, ಬಂದ್ರೇನ್ರಿ?" "ಗೇಟಲ್ಲಿದ್ದೀನಿ" ಅಂದು ಶುಭಾ ಇಟ್ಟಳು.

ಓಡಿ ವಾಪಸ್ ಬಂದು ಬ್ಯಾಗಿನಿಂದ ಹೆಡ್‌ಫೋನ್ ತೆಗೆದಳು. ಕೊಡಲು ಅವಳ ಹತ್ತಿರ ಇನ್ನೇನೂ ಇರಲಿಲ್ಲ. ಅಲಮೇಲಮ್ಮನ ತುರುಬನ್ನು ಕೆಳಗೆ ಸರಿಸಿ, ಓಲೆ ಒತ್ತದ ಹಾಗೆ ನೋಡಿಕೊಂಡು, ಎರಡು ಡಬ್ಬಿಯನ್ನೂ ಅವರ ಕಿವಿಗೆ ಕೂರಿಸಿದಳು. ಗುಂಡಿ ಒತ್ತಲಿಲ್ಲ. ಒತ್ತಿದರೆ ಅರಚುತ್ತದೆ, ಒತ್ತದಿದ್ದರೆ ಅದು ಬರೀ ಎರಡು ಡಬ್ಬಿ. ಅಂಚಿನ ಗೆರೆಯಲ್ಲಿ ಒಂದಿಷ್ಟು ಕುಂಕುಮ ಇನ್ನೂ ಉಳಿದಿತ್ತು.

ಅಲಮೇಲಮ್ಮ ಕನ್ನಡಿ ನೋಡಿಕೊಳ್ಳುವವರ ಹಾಗೆ ತಲೆಯನ್ನು ಅತ್ತಿತ್ತ ಆಡಿಸಿದರು. ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆದುಕೊಂಡು ಬಂತು. ಅವರ ಭುಜ ಎಗರಿದ್ದು ಅದರ ಮೇಲಿದ್ದ ಶುಭಾಳ ಅಂಗೈಗೆ ತಿಳಿಯಿತು. ಅವಳ ಕಾಲೂ ಕಟ್ಟಿತು, ಆದರೆ ಅವರನ್ನು ಹಿಡಿದಿದ್ದ ಕೈ ಈ ಸಲ ಹಿಡಿದೇ ಇತ್ತು.

ಉಸಿರು ಬಂದ ಮೇಲೆ ಕೇಳಿದಳು, ಪಕ್ಕದಲ್ಲಿದ್ದವರಿಗೂ ಕೇಳಬಾರದಷ್ಟು ಮೆಲ್ಲಗೆ.

"ಕೇಳಿಸ್ತಾ ಇದೆಯಾ ಅಮ್ಮ?"

"ಇಲ್ಲ ಕಣೆ" ಅಂದರು ಅಲಮೇಲಮ್ಮ. "ಒಂಚೂರೂ ಕೇಳಿಸ್ತಿಲ್ಲ. ನೀನ್ ಹೋಗು, ಹತ್ತಾಗುತ್ತೆ."